ಹೆಸರಿಲ್ಲದೆ ಸೋಪು ಮಾರಿದೆ, ಹೆಸರು ಗಿರಾಕಿಗಳಿಂದಲೇ ಸಿಕ್ಕಿತು

ಸೋಪು ಮಾಡುವ ಗೆಳೆಯರು ಈಗ ಒಬ್ಬೊಬ್ಬರಾಗಿ ಕೇಳುತ್ತಿದ್ದಾರೆ, ಹೆಸರು ಹೇಗೆ ಹುಡುಕಿದೆ ಅಂತ. "ಹೆಸರೇ ಇಲ್ಲದ ಸೋಪನ್ನು ಯಾರು ತಗೊಳ್ತಾರೆ?" ಎಂದು ಆಗ ಕೇಳಿದವರೂ ಇವರೇ. ಈಗ ಹೆಸರು ಜನರ ಬಾಯಲ್ಲಿ ನಿಂತಿದೆ. ಮತ್ತೆ ಕೊಳ್ಳುವವರು ಹೆಸರು ಹಿಡಿದೇ ಕೇಳುತ್ತಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಲೈ (ಎಣ್ಣೆಯನ್ನು ಸೋಪಾಗಿಸುವ ಕ್ಷಾರ), ಸೂಪರ್‌ಫ್ಯಾಟ್ (ಸೋಪಾಗದೆ ಉಳಿಯುವಂತೆ ಹಾಕುವ ಹೆಚ್ಚುವರಿ ಎಣ್ಣೆ), ಕ್ಯೂರಿಂಗ್ (ಬಿಲ್ಲೆಗಳನ್ನು ವಾರಗಟ್ಟಲೆ ಆರಲು ಬಿಡುವುದು) ಬಗ್ಗೆ ಇಲ್ಲಿ ಏನೂ ಇಲ್ಲ. ಅದೆಲ್ಲ ನಿಮಗೆ ಗೊತ್ತಿರುವುದೇ. ದುಡ್ಡಿನ ಮಾತು ಬಂದಾಗ ಬ್ಯಾಚಿನ ಲೆಕ್ಕದಲ್ಲಿ ಹೇಳುತ್ತೇನೆ, ರೇಟು ಒಬ್ಬೊಬ್ಬರಿಗೆ ಒಂದೊಂದು ಥರ. ನನ್ನ ಒಂದು ಬ್ಯಾಚ್ ಅಂದರೆ ಸುಮಾರು 40 ಬಿಲ್ಲೆ. ಅದರ ಎಣ್ಣೆ, ಲೈ, ಸುಗಂಧ ಸೇರಿ ಆಗುವ ಖರ್ಚೇ ನನ್ನ ಅಳತೆಗೋಲು.

ಮೊದಲು ನಾನೂ ಎಲ್ಲರ ದಾರಿಯಲ್ಲೇ ಹೋದೆ. ಗೆಳೆಯರ ಗುಂಪಿನಲ್ಲಿ ಹತ್ತಾರು ಹೆಸರು ಹಾಕಿ ಮತ ಹಾಕಿಸಿದೆ. ಒಂದು ಹೆಸರು ಭಾರಿ ಅಂತರದಲ್ಲಿ ಗೆದ್ದಿತು. ವಾರ ಬಿಟ್ಟು ಅದೇ ಜನಕ್ಕೆ ಫೋನ್ ಮಾಡಿ, "ಯಾವ ಹೆಸರಿಗೆ ಮತ ಹಾಕಿದ್ರಿ?" ಎಂದು ಕೇಳಿದೆ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ನೆನಪೇ ಇಲ್ಲ. ಪಟ್ಟಿ ಕಣ್ಣ ಮುಂದಿದ್ದಾಗ ಚೆಂದ ಕಂಡ ಹೆಸರು ಪಟ್ಟಿ ಮರೆಯಾದ ಕೂಡಲೇ ತಲೆಯಿಂದಲೂ ಹೋಗಿತ್ತು. ಅಂಥ ಹೆಸರನ್ನು ಲೇಬಲ್ ಮೇಲೆ ಹಾಕಿ ಏನು ಪ್ರಯೋಜನ?

ಆಮೇಲೆ ದುಡ್ಡು ಕೊಟ್ಟು ಹೆಸರು ಬರೆಸಿದೆ. ಒಬ್ಬ ಡಿಸೈನರ್ 30ರಷ್ಟು ಹೆಸರಿನ ಪಟ್ಟಿ ಕೊಟ್ಟರು. ಹತ್ತಿರ ಹತ್ತಿರ ನಾಲ್ಕು ಬ್ಯಾಚಿನ ದುಡ್ಡು ಹೋಯಿತು. ಅದರಲ್ಲಿ ಮುಕ್ಕಾಲು ಪಾಲು ಶುದ್ಧ, ನೈಸರ್ಗಿಕ, ಹರ್ಬಲ್, ಹಸಿರು ಎಂಬ ಮಾತುಗಳ ಸುತ್ತಲೇ ಗಿರಕಿ ಹೊಡೆಯುತ್ತಿತ್ತು. ಇಂಥ ಹೆಸರಿನ ತೊಂದರೆ ಏನು ಗೊತ್ತಾ? ಅದು ಸೋಪು ಹೇಗಿದೆ ಅಂತಷ್ಟೇ ಹೇಳುತ್ತದೆ, ಯಾರದು ಅಂತ ಹೇಳಲ್ಲ. ಟ್ರೇಡ್‌ಮಾರ್ಕ್‌ಗೆ ಹೋದರೂ ಗುಣ ಹೇಳುವ ಮಾಮೂಲಿ ಪದವನ್ನು ನಿಮ್ಮೊಬ್ಬರಿಗೇ ಬರೆದುಕೊಡುವುದು ತೀರಾ ಕಷ್ಟ.

ದೊಡ್ಡ ದೊಡ್ಡವರೂ ಇದೇ ಗೋಡೆಗೆ ಹಾಯ್ದಿದ್ದಾರೆ. ಇಂಗ್ಲೆಂಡಿನ ವಿಲಿಯಂ ಲೀವರ್ ಮೊದಲು ಮಾರುತ್ತಿದ್ದ ಸೋಪಿನ ಹೆಸರು 'ಪ್ಯೂರ್ ಹನಿ'. ಅದರ ಮೇಲೆ ಹಿಡಿತ ಸಿಗಲಿಲ್ಲ. 1884ರಲ್ಲಿ ಟ್ರೇಡ್‌ಮಾರ್ಕ್ ಏಜೆಂಟರ ಹತ್ತಿರ ಹೋದರು. ಅಲ್ಲಿ ಸಿಕ್ಕ ಹೆಸರುಗಳಲ್ಲಿ ಒಂದು 'ಸನ್‌ಲೈಟ್'. ಸೋಪಿಗೂ ಬಿಸಿಲಿಗೂ ನೇರ ಸಂಬಂಧ ಇಲ್ಲ. ಹಾಗಾಗಿಯೇ ಅದು ಅವರದಾಗಿ ಉಳಿಯಿತು. ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ತನ್ನ ಬಿಳಿ ಸೋಪನ್ನು ಬರೀ 'ವೈಟ್ ಸೋಪ್' ಎನ್ನುತ್ತಿತ್ತು. 1879ರಲ್ಲಿ ಅದಕ್ಕೆ 'ಐವರಿ' ಎಂಬ ಹೆಸರು ಬಂತು. ದಂತದ ಬಿಳುಪು ಕಣ್ಣಿಗೆ ಬರುತ್ತದೆ, ಆದರೆ ಬೇರೆ ಯಾರೂ ತಮ್ಮ ಸೋಪನ್ನು ದಂತ ಎಂದು ಕರೆಯುತ್ತಿರಲಿಲ್ಲ.

ಸಾಮಗ್ರಿಯ ಹೆಸರಿಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಪಾಮ್ ಮತ್ತು ಆಲಿವ್ ಎಣ್ಣೆಯಿಂದ 'ಪಾಮೋಲಿವ್' ಬಂದಿದ್ದು ನಿಜ, 1898ರ ಕಥೆ ಅದು. ನಮ್ಮಂಥ ಸಣ್ಣವರಿಗೆ ಅದು ಉರುಳು. ನನ್ನ ಪರಿಚಯದವರೊಬ್ಬರು ಒಂದು ಎಣ್ಣೆಯ ಹೆಸರನ್ನೇ ಬ್ರ್ಯಾಂಡ್ ಮಾಡಿಕೊಂಡಿದ್ದರು. ಆ ಎಣ್ಣೆಯ ರೇಟು ಏರಿತು, ರೆಸಿಪಿ ಬದಲಿಸಲೇಬೇಕಾಯಿತು. ಈಗ ಸೋಪಿನಲ್ಲಿ ಆ ಎಣ್ಣೆ ಹೆಸರಿಗಷ್ಟೇ ಇದೆ. ಪ್ರತಿ ಗಿರಾಕಿಗೂ ಸಮಜಾಯಿಷಿ ಕೊಡಬೇಕು. ಸಾವಿರಗಟ್ಟಲೆ ಲೇಬಲ್ ಡಬ್ಬದಲ್ಲಿ ಕೂತಿವೆ.

ಮೊಡವೆ, ಗಜಕರ್ಣ, ಗಾಯ ವಾಸಿ ಎಂದು ಸೂಚಿಸುವ ಹೆಸರೂ ಬೇಡ. ಹಾಗೆ ಹೇಳಿದ ಕೂಡಲೇ ನಿಮ್ಮ ಸೋಪು ಸೌಂದರ್ಯ ಸಾಮಗ್ರಿಯೋ, ಔಷಧವೋ ಎಂಬ ಪ್ರಶ್ನೆ ಏಳುತ್ತದೆ. ಅದರ ನಿಯಮ ಬೇರೆ, ಖರ್ಚೂ ಬೇರೆ.

ಇಷ್ಟಾದ ಮೇಲೆ ಹೆಸರು ಹುಡುಕುವುದನ್ನೇ ನಿಲ್ಲಿಸಿದೆ. ಲೇಬಲ್‌ನಲ್ಲಿ ಸಾಮಗ್ರಿ, ತೂಕ, ಬ್ಯಾಚ್ ನಂಬರ್, ತಯಾರಿಸಿದವರ ವಿವರ, ಹೀಗೆ ಇರಲೇಬೇಕಾದ್ದೆಲ್ಲ ಇತ್ತು. ಬ್ರ್ಯಾಂಡ್ ಹೆಸರಿನ ಜಾಗ ಮಾತ್ರ ಖಾಲಿ. ಹಾಗೇ ಸುಮಾರು ಅರ್ಧ ವರ್ಷ ಮಾರಿದೆ. ಪಕ್ಕದಲ್ಲಿ ಒಂದು ಪುಸ್ತಕ ಇಟ್ಟುಕೊಂಡೆ. ಎರಡನೇ ಸಲ ಕೊಳ್ಳಲು ಬಂದವರು ಯಾವ ಮಾತಲ್ಲಿ ಕೇಳುತ್ತಾರೋ ಆ ಮಾತನ್ನೇ ಬರೆದುಕೊಂಡೆ. ತಿದ್ದಲಿಲ್ಲ, ಚುಟುಕು ಮಾಡಲಿಲ್ಲ.

ಇಲ್ಲಿ ಒಂದು ಶಿಸ್ತು ಬೇಕು. "ಯಾವುದು, ಆ ಇದ್ದಿಲು ಸೋಪಾ?" ಎಂದು ನಾವೇ ಬಾಯಿ ಹಾಕಬಾರದು. ಅವರು ತಡವರಿಸುತ್ತಾರೆ, ಕೈಯಲ್ಲಿ ತೋರಿಸುತ್ತಾರೆ, "ಅದೇ ಕಣ್ರೀ" ಅನ್ನುತ್ತಾರೆ. ಸುಮ್ನೆ ಕಾಯಬೇಕು. ಹತ್ತು ಸೆಕೆಂಡು ತಡವರಿಸಿದ ಮೇಲೆ ಬರುತ್ತಲ್ಲ, ಆ ಮಾತಿಗೇ ಬೆಲೆ. ಅವರ ಬಾಯಿ ಬಿಡಿಸಲು ನಾನು ಕೇಳುತ್ತಿದ್ದ ಪ್ರಶ್ನೆ ಒಂದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ನನ್ನ ಎರಡನೇ ಬಗೆಯ ಸೋಪಿಗೆ ಇನ್ನೂ ಅದನ್ನು ಬಳಸುವುದಿದೆ.

ಪುಸ್ತಕದಲ್ಲಿ ಇನ್ನೂರರ ಹತ್ತಿರ ಟಿಪ್ಪಣಿ ಸೇರಿದವು. ಸುಗಂಧ ಹೇಳಿ ಕೇಳಿದವರು ಐದರಲ್ಲಿ ಒಬ್ಬರಿದ್ದರೆ ಹೆಚ್ಚು. ಸುಗಂಧಕ್ಕೆ ನಾವು ಸುರಿಯುವ ದುಡ್ಡು ನೋಡಿದರೆ ಇದು ಯೋಚಿಸಬೇಕಾದ ವಿಷಯ, ಅಲ್ವಾ? ಬಣ್ಣ ಹೇಳಿದವರು ಸ್ವಲ್ಪ ಜಾಸ್ತಿ. ಆದರೆ ಮೂರರಲ್ಲಿ ಒಬ್ಬರಂತೂ ಆಕಾರವನ್ನೇ ಹೇಳಿದ್ದರು. "ಕಲ್ಲಿನ ಥರ ಇರುತ್ತಲ್ಲ, ಅದು ನಾಲ್ಕು ಕೊಡಿ." "ಆ ನುಣುಪು ಕಲ್ಲು." "ಕೈಯಲ್ಲಿ ಉರುಳುತ್ತಲ್ಲಾ, ಆ ಸೋಪು."

ಕಾರಣ ಇದೆ. ನಾನು ಬಿಲ್ಲೆ ಕತ್ತರಿಸಿದ ಮೇಲೆ ಅಂಚುಗಳನ್ನೆಲ್ಲ ಪೀಲರ್‌ನಲ್ಲಿ ಕೆತ್ತುತ್ತೇನೆ. ಕ್ಯೂರಿಂಗ್ ಮುಗಿದ ಮೇಲೆ ಒಂದೊಂದನ್ನೂ ಒದ್ದೆ ಅಂಗೈಯಲ್ಲಿ ಉಜ್ಜಿ ಮೂಲೆಗಳನ್ನು ದುಂಡಗೆ ಮಾಡುತ್ತೇನೆ. ಒಂದು ಬಿಲ್ಲೆಗೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಇದು ವ್ಯರ್ಥ ಕೆಲಸ ಎಂದವರೇ ಎಲ್ಲ. ಜನ ನೆನಪಿಟ್ಟುಕೊಂಡಿದ್ದು ಅದನ್ನೇ. ನನ್ನ ಕೈಕೆಲಸದ ಮೇಲೆ ನನಗೆ ಮೊದಲಿಂದ ಇದ್ದ ನಂಬಿಕೆ ಆ ಪುಸ್ತಕದಲ್ಲಿ ಗಟ್ಟಿಯಾಯಿತು.

ಹೀಗೆ ಕಲ್ಲಿನ ಸುತ್ತ ಆರೇಳು ಹೆಸರು ಹೊರಬಂದವು. ಅವುಗಳಲ್ಲಿ ನನಗೆ ಬಲು ಇಷ್ಟವಾಗಿದ್ದು 'ಹೊಳೆಗಲ್ಲು'. ನೀರೂ ಬಂತು, ನುಣುಪೂ ಬಂತು. ಆದರೆ ಪರೀಕ್ಷೆಗಳಲ್ಲಿ ಬಿದ್ದುಹೋಯಿತು.

ಮೊದಲನೆಯದು ಫೋನ್ ಪರೀಕ್ಷೆ. ಹೆಸರನ್ನು ಫೋನಿನಲ್ಲಿ ಒಂದೇ ಸಲ ಹೇಳುವುದು, ಕೇಳಿಸಿದ ಹಾಗೆ ಬರೆದು ಕಳಿಸಿ ಎನ್ನುವುದು. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ. ಕನ್ನಡದಲ್ಲಿ ತಪ್ಪು ಕಮ್ಮಿ. ಇಂಗ್ಲಿಷ್ ಅಕ್ಷರಕ್ಕೆ ಬಂದರೆ ಗೋಳು ಶುರು. ದೀರ್ಘಕ್ಕೆ ಕೆಲವರು ಒಂದು 'ಎ' ಹಾಕುತ್ತಾರೆ, ಕೆಲವರು ಎರಡು. 'ತ' ಬಂದರೆ ಬರೀ 'ಟಿ'ಯೋ, ಜೊತೆಗೆ 'ಎಚ್' ಬೇಕೋ ಎಂಬ ಗೊಂದಲ. ಜನ ನಾಲ್ಕು ಥರ ಟೈಪ್ ಮಾಡಿದರೆ ಮೂರು ಥರದಲ್ಲಿ ನೀವು ಸಿಗುವುದಿಲ್ಲ. ಆರ್ಡರ್ ಕೈತಪ್ಪಿದ್ದು ನಿಮಗೆ ಗೊತ್ತೂ ಆಗಲ್ಲ. 'ಹೊಳೆಗಲ್ಲು' ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ. ಕನ್ನಡ ಬಾರದವರು ಮೊದಲ ನಾಲ್ಕು ಅಕ್ಷರವನ್ನು 'ಹೋಲ್' ಎಂದೇ ಓದುತ್ತಾರೆ. ತೂತು ಎಂದು ಶುರುವಾಗುವ ಸೋಪಿನ ಹೆಸರು ಯಾರಿಗೆ ಬೇಕು?

ಎರಡನೆಯದು ಸ್ಟ್ಯಾಂಪ್ ಪರೀಕ್ಷೆ. ಇದನ್ನು ಯಾರೂ ಮಾಡುವುದಿಲ್ಲ, ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಹೆಸರು ಕೊನೆಗೆ ಕೂರಬೇಕಾದ್ದು ಸೋಪಿನ ಮೈಮೇಲೆ. ಕಾಗದದಲ್ಲಿ ಚೆಂದ ಕಂಡಿದ್ದೆಲ್ಲ ಸೋಪಿನಲ್ಲಿ ನಿಲ್ಲಲ್ಲ. ಪ್ರಯೋಗಕ್ಕೆ ಅಂತಲೇ ಎರಡು ಅಕ್ರಿಲಿಕ್ ಸ್ಟ್ಯಾಂಪ್ ಮಾಡಿಸಿದೆ, ಎರಡಕ್ಕೂ ಸೇರಿ ಹೆಚ್ಚುಕಮ್ಮಿ ಒಂದು ಬ್ಯಾಚಿನ ದುಡ್ಡು. ಒತ್ತಕ್ಷರ ಇರುವ ಹೆಸರಿನದು ಪೂರಾ ಕೆಟ್ಟಿತು. 'ಲ್ಲು' ಕೆಳಗಿನ ಒತ್ತು ತೀರಾ ಸಣ್ಣದು. ಸ್ಟ್ಯಾಂಪ್ ಮೇಲೆತ್ತುವಾಗ ಅಲ್ಲಿನ ಸೋಪು ಚೂರು ಕಿತ್ತುಕೊಂಡು ಬರುತ್ತಿತ್ತು. ಸುತ್ತಿ ಮುಚ್ಚಿಕೊಂಡ ಅಕ್ಷರದ ಹೊಟ್ಟೆಯೊಳಗೆ ಸೋಪು ಕಚ್ಚಿ ಕೂರುತ್ತಿತ್ತು. ಗೆರೆ ಒಂದು ಮಿಲಿಮೀಟರಿಗಿಂತ ಸಣ್ಣಗಿದ್ದರಂತೂ ಅಕ್ಷರ ಹರಿದೇ ಹೋಗುತ್ತದೆ.

ಹದವನ್ನೂ ಹೇಳಿಬಿಡುತ್ತೇನೆ. ನನ್ನ ರೆಸಿಪಿಗೆ ಕತ್ತರಿಸಿದ ಮಾರನೇ ದಿನ ತೀರಾ ಮೆದು, ಅಂಟುತ್ತದೆ. ವಾರ ಬಿಟ್ಟರೆ ಅಂಚು ಬಿರುಕು ಬಿಡುತ್ತದೆ. ಮೂರನೇ ದಿನದ ಸುಮಾರಿಗೆ ಬೆರಳಲ್ಲಿ ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಮಾತ್ರ ಏನೂ ಅಂಟಬಾರದು. ಆಗ ನೇರವಾಗಿ ಒತ್ತಿ ನೇರವಾಗಿ ಎತ್ತಬೇಕು. ಸ್ಟ್ಯಾಂಪ್ ಅಂಟದಿರಲು ನಾನು ಸವರುವ ವಸ್ತು ಯಾವುದು ಎಂದು ಬಹಳ ಜನ ಕೇಳಿದ್ದಾರೆ. ಅದನ್ನು ಹೇಳಲ್ಲ. ಅದನ್ನು ಹುಡುಕಲು ನನ್ನ ಬಿಲ್ಲೆಗಳು ತುಂಬಾ ಹಾಳಾಗಿವೆ.

ಈ ಹಾದಿಯಲ್ಲಿ ಇನ್ನೊಂದು ಪ್ರಯೋಗ ಮಾಡಿದೆ: ಹೆಸರು ಸೋಪಿನ ಮೇಲೆ ಎಷ್ಟು ದಿನ ಬದುಕುತ್ತದೆ? ಒಂದು ಮಿಲಿಮೀಟರ್ ಆಳದ ಮುದ್ರೆ ನಾಲ್ಕೈದು ಸ್ನಾನಕ್ಕೆ ಮಾಯ. ಎರಡು ಮಿಲಿಮೀಟರ್ ಇದ್ದರೆ ವಾರ, ಹತ್ತು ದಿನ. ಮೂರಕ್ಕೆ ಹೋದರೆ ಗುಳಿಯಲ್ಲಿ ನೀರು ನಿಂತು ಅಲ್ಲೇ ಸೋಪು ಲೊಳಲೊಳ ಆಗುತ್ತದೆ. ಎರಡಕ್ಕೇ ನಿಲ್ಲಿಸಿದೆ. ಗಿರಾಕಿ ಹೆಸರನ್ನು ದಿನಾ ಬೆರಳಲ್ಲಿ ಸವರುತ್ತಾನೆ. ಅಂಥ ಜಾಹೀರಾತು ಬೇರೆಲ್ಲಿ ಸಿಗುತ್ತದೆ?

ಹೆಸರಿನ ಸದ್ದಿನ ಬಗ್ಗೆಯೂ ಸ್ವಲ್ಪ ಆಟ ಆಡಿದೆ. ವೋಲ್ಫ್‌ಗ್ಯಾಂಗ್ ಕೋಲರ್ ಎಂಬ ಮನಃಶಾಸ್ತ್ರಜ್ಞ 1929ರಲ್ಲೇ ಇದನ್ನು ಬರೆದಿದ್ದರು. ದುಂಡಗಿನ ಒಂದು ಚಿತ್ರ, ಚೂಪು ಮೂಲೆಯ ಒಂದು ಚಿತ್ರ. ಯಾವುದು 'ಟಕೇಟೆ', ಯಾವುದು 'ಬಲೂಬಾ' ಎಂದರೆ ಜನ ಸಾಮಾನ್ಯವಾಗಿ ಚೂಪಾದದ್ದನ್ನು 'ಟಕೇಟೆ' ಎನ್ನುತ್ತಾರೆ. ನಾನು ಚಿತ್ರದ ಬದಲು ನನ್ನ ಎರಡು ಬಿಲ್ಲೆ ಇಟ್ಟೆ, ಒಂದು ಉಜ್ಜಿ ದುಂಡಗೆ ಮಾಡಿದ್ದು, ಇನ್ನೊಂದು ಕತ್ತರಿಸಿದ ಹಾಗೇ ಇದ್ದಿದ್ದು. ಉಳಿದ ಹೆಸರುಗಳನ್ನು ಒಂದೊಂದಾಗಿ ಹೇಳಿ, ಇದು ಯಾವುದರ ಹೆಸರು ಎಂದು ಕೇಳಿದೆ. ಟ, ಕ ತುಂಬಿದ ಹೆಸರುಗಳೆಲ್ಲ ಮೂಲೆ ಇರುವ ಬಿಲ್ಲೆಗೆ ಹೋದವು. ಮೆತ್ತಗಿನ ಅಕ್ಷರದ ಎರಡು ಹೆಸರು ದುಂಡನೆಯದಕ್ಕೆ ಬಂದವು. ಆ ಎರಡರಲ್ಲಿ ಒಂದೇ ಈಗಿನ ಹೆಸರು.

ಮೂರು ಅಕ್ಷರ. ಒತ್ತಕ್ಷರ ಇಲ್ಲ, ದೀರ್ಘ ಇಲ್ಲ, 'ತ' ಇಲ್ಲ. ಇಲ್ಲಿ ಬರೆಯುವುದಿಲ್ಲ, ಜಾಹೀರಾತಿಗೆ ಬರೆದೆ ಎಂದು ಆಗಬಾರದು.

ಕೊನೆಯದು ಹುಡುಕಾಟ. ಟ್ರೇಡ್‌ಮಾರ್ಕ್‌ನ ನೀಸ್ ವರ್ಗೀಕರಣದಲ್ಲಿ (ಸರಕುಗಳನ್ನು ವರ್ಗವಾಗಿ ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿ) ಮಾಮೂಲಿ ಸೋಪು, ಕಾಸ್ಮೆಟಿಕ್ಸ್ ಬರುವುದು 3ನೇ ವರ್ಗದಲ್ಲಿ. ಔಷಧಿ ಸೋಪು 5ನೇ ವರ್ಗ. ನಾನು ಎರಡನ್ನೂ ಜಾಲಾಡಿದೆ. ಅಕ್ಷರ ಅದೇ ಇದ್ದರೆ ಮಾತ್ರ ತೊಂದರೆ ಎಂದು ತಿಳಿಯಬೇಡಿ. ಕಿವಿಗೆ ಒಂದೇ ಥರ ಕೇಳಿಸಿದರೂ ಆಕ್ಷೇಪಣೆ ಬರಬಹುದು. ಫೋನ್ ಪರೀಕ್ಷೆಯಲ್ಲಿ ಜನ ಬರೆದ ತಪ್ಪು ಸ್ಪೆಲ್ಲಿಂಗ್‌ಗಳನ್ನು ನಾನು ಎಸೆದಿರಲಿಲ್ಲ. ಅವನ್ನೂ ಒಂದೊಂದಾಗಿ ಹಾಕಿ ಹುಡುಕಿದೆ. ಪಟ್ಟಿಯಲ್ಲಿ ಉಳಿದಿದ್ದ ಇನ್ನೊಂದು ಹೆಸರು ಬಿದ್ದಿದ್ದು ಹೀಗೇ. ಸರಿಯಾದ ಸ್ಪೆಲ್ಲಿಂಗ್‌ನಲ್ಲಿ ಯಾರೂ ಇರಲಿಲ್ಲ, ತಪ್ಪು ಸ್ಪೆಲ್ಲಿಂಗ್‌ನಲ್ಲಿ ಒಂದು ಕ್ರೀಮ್ ಇತ್ತು. ಇನ್ನೊಂದು ಮಾತು: ವೃತ್ತದೊಳಗಿನ 'ಆರ್' ಗುರುತನ್ನು ನೋಂದಣಿ ಆಗುವ ಮುಂಚೆ ಹಾಕಬೇಡಿ. ಬಹಳ ದೇಶಗಳಲ್ಲಿ ಅದು ಅಪರಾಧ.

ಖರ್ಚು ಹೇಳುವುದಾದರೆ, ಡಿಸೈನರ್ ಪಟ್ಟಿಗೆ ಹೋದ ನಾಲ್ಕು ಬ್ಯಾಚು ಪಕ್ಕಕ್ಕಿಡಿ. ನನ್ನ ದಾರಿಗೆ ಪುಸ್ತಕ, ಪ್ರಯೋಗದ ಸ್ಟ್ಯಾಂಪು, ಹಾಳಾದ ಬಿಲ್ಲೆ ಎಲ್ಲ ಸೇರಿ ಎರಡು, ಎರಡೂವರೆ ಬ್ಯಾಚು. ಅರ್ಜಿಯ ಶುಲ್ಕ ಬೇರೆ. ಮತ್ತೆ ಬರುವ ಗಿರಾಕಿಗಳು ಮೊದಲಿನ ಸುಮಾರು ಒಂದೂವರೆ ಪಟ್ಟು ಆಗಿದ್ದಾರೆ. ಹೊಸಬರಲ್ಲಿ ಎಷ್ಟೋ ಜನ "ಇಂಥವರು ಹೇಳಿದ್ರು" ಎಂದು ಸರಿಯಾದ ಹೆಸರನ್ನೇ ಹೇಳಿಕೊಂಡು ಬರುತ್ತಾರೆ. ಹೆಸರಿಲ್ಲದ ತಿಂಗಳುಗಳಲ್ಲಿ ಮಾರಾಟ ಬಿತ್ತಾ ಎಂದು ಕೇಳುತ್ತೀರಿ. ಬೀಳಲಿಲ್ಲ. ಅಂಗಡಿಯಲ್ಲಿ ಇಡಲು ಕೊಟ್ಟ ಕಡೆ ಮಾತ್ರ ತಕರಾರು ಬಂತು, ಬಿಲ್ಲಿನಲ್ಲಿ ಏನಂತ ಬರೆಯುವುದು ಎಂದು ಕೇಳಿದರು. ಬ್ಯಾಚ್ ನಂಬರ್ ಬರೆಸಿದೆ.

ಸುಗಂಧಗಳಿಗೆ ಬೇರೆ ಬೇರೆ ಹೆಸರು ಇಡುವ ಗೋಜಿಗೆ ಹೋಗಿಲ್ಲ. ದೊಡ್ಡದಾಗಿ ಬ್ರ್ಯಾಂಡ್, ಕೆಳಗೆ ಸಣ್ಣದಾಗಿ ಇದ್ದಿಲು, ಜೇಡಿ, ಏನೂ ಸೇರಿಸದ್ದು. ರೆಸಿಪಿ ಬದಲಾದರೆ ಆ ಸಣ್ಣ ಸಾಲು ಮಾತ್ರ ಬದಲಾಗುತ್ತದೆ. ಅದನ್ನು ಬೇರೆ ಚೀಟಿಯಾಗಿ ಅಂಟಿಸುತ್ತೇನೆ, ಬಿಲ್ಲೆಗೆ ಸುತ್ತುವ, ಬ್ರ್ಯಾಂಡ್ ಇರುವ ಕಾಗದದ ಪಟ್ಟಿಯನ್ನು ಒಂದೇ ಅಚ್ಚಿನಲ್ಲಿ ಜಾಸ್ತಿ ಮಾಡಿಸಿಟ್ಟಿದ್ದೇನೆ. ಪಟ್ಟಿಯ ಅಳತೆಯನ್ನು ಕ್ಯೂರಿಂಗ್ ಪೂರ್ತಿ ಮುಗಿದ ಬಿಲ್ಲೆಗೇ ತೆಗೆದುಕೊಳ್ಳಿ. ನಾಲ್ಕು ವಾರದಲ್ಲಿ ನೀರು ಆರಿ ಬಿಲ್ಲೆ ಕುಗ್ಗುತ್ತದೆ, ಹಸಿ ಬಿಲ್ಲೆಗೆ ಅಳೆದ ಪಟ್ಟಿ ಸಡಿಲವಾಗಿ ಜಾರುತ್ತದೆ.