ಅಲಿಬಾಗದಿಂದ ಮುರುಡದವರೆಗೆ ಕುದುರೆ ಮೇಲೆ

ಬೀದರಿಗೆ ಸಮುದ್ರ ಮೊದಲಿನಿಂದಲೂ ದೂರ, ಕುದುರೆ ಈಚೆಗೆ ದೂರವಾಯಿತು. ಟಾಂಗಾಗಳು ಹೋದ ಮೇಲೆ ಊರಲ್ಲಿ ಉಳಿದದ್ದು ಮದುವೆ ಮೆರವಣಿಗೆಯ ಕುದುರೆಗಳು ಮಾತ್ರ. ಅಂಥ ಊರಿನ ಬೀಜ-ಗೊಬ್ಬರದ ಅಂಗಡಿಯವನಿಗೆ ಕೊಂಕಣದ ದಂಡೆಗುಂಟ ಕುದುರೆ ಮೇಲೆ ಹೋಗುವ ಹುಚ್ಚು ಯಾಕೆ ಅಂತ ನಮ್ಮ ಮನೆಯವರೂ ಕೇಳಿದರು, ಗಿರಾಕಿಗಳೂ ಕೇಳಿದರು.

ಕಾರಣ ಅಫನಾಸಿ ನಿಕಿತಿನ್. ರಷ್ಯದ ತ್ವೇರ್ ಪಟ್ಟಣದ ಈ ವ್ಯಾಪಾರಿ 1470ರ ಆಸುಪಾಸಿನಲ್ಲಿ ಹೋರ್ಮುಜ್‌ನಿಂದ ಒಂದು ಗಂಡುಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಚೌಲ್ ಬಂದರಿಗೆ ಬಂದಿಳಿದ. ಅಲ್ಲಿಂದ ಜುನ್ನರಕ್ಕೆ ಹೋದರೆ ಅಲ್ಲಿನ ಖಾನ ಕುದುರೆ ಕಸಿದುಕೊಂಡು, ಮತ ಬದಲಿಸಿದರೆ ವಾಪಸ್ ಕೊಡುತ್ತೇನೆ ಅಂದ. ಖುರಾಸಾನದ ದೊಡ್ಡ ಮನುಷ್ಯರೊಬ್ಬರು ನಡುವೆ ಬಿದ್ದು ಬಿಡಿಸಿದರು. ಮಳೆಗಾಲ ಕಳೆದು ಕುದುರೆ ಸಮೇತ ಬೀದರ್ ಸೇರಿ ಇಲ್ಲೇ ಮಾರಿದ. ಈ ದೇಶದಲ್ಲಿ ಎತ್ತು, ಎಮ್ಮೆ ಹುಟ್ಟುತ್ತವೆ, ಕುದುರೆ ಹುಟ್ಟುವುದಿಲ್ಲ. ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಹಾಕಿದ ಖಿಚಡಿ ಬೇಯಿಸಿ ಹಾಕುತ್ತಾರೆ ಅಂತೆಲ್ಲ ಬರೆದಿಟ್ಟಿದ್ದಾನೆ. ನಮ್ಮ ಆಳಂದದ ಶೇಖ್ ಅಲಾವುದ್ದೀನರ ಜಾತ್ರೆಗೆ 20,000 ಕುದುರೆ ಬರುತ್ತವೆ ಅಂತಲೂ ಬರೆದಿದ್ದಾನೆ. ಲೆಕ್ಕ ಅವನದು, ನಾನು ಎಣಿಸಿಲ್ಲ. ಆದರೆ ಬಹಮನಿ ಸುಲ್ತಾನರ ಲಾಯಕ್ಕೆ ಬಂದ ಕುದುರೆಗಳು ಮೊದಲು ಕಾಲೂರಿದ್ದು ಚೌಲ್, ದಾಭೋಳದಂಥ ಬಂದರುಗಳ ಉಸುಕಿನಲ್ಲಿ ಅಂದಮೇಲೆ, ಆ ಉಸುಕಿನ ಮೇಲೆ ಕುದುರೆಯಲ್ಲೇ ಹೋಗಿಬರಬೇಕು ಅನ್ನಿಸಿತು. ಅಲಿಬಾಗದಿಂದ ಚೌಲ್, ರೇವದಂಡಾ, ಕಾಶೀದ್ ಮೇಲೆ ಹಾಯ್ದು ಮುರುಡಕ್ಕೆ ರಸ್ತೆ ಹಿಡಿದರೆ ಸುಮಾರು 50 ಕಿಲೋಮೀಟರ್. ಕಾರಿಗೆ ಅದು ಒಂದು ಬೆಳಗಿನ ಕೆಲಸ. ಕುದುರೆಗೆ ಹಾಗಲ್ಲ.

ಮೊದಲು ಸವಾರಿ ಕಲಿಯಬೇಕಿತ್ತು. ಹಳೆ ಊರಿನಲ್ಲಿ ಮದುವೆ ಕುದುರೆ ಇಟ್ಟುಕೊಂಡ ಒಬ್ಬ ಚಾಚಾನ ಹತ್ತಿರ ಹೋದೆ. "ಸಾಹೇಬ್ರ, ಮದಿವ್ಯಾಗ ಕುದುರಿ ಮ್ಯಾಲ ಕುಂದರೂದು ಬ್ಯಾರೆ, ಕುದುರಿ ಸಂಗಡ ಹೋಗೂದು ಬ್ಯಾರೆ. ಯಾವುದು ಕಲೀತೀರಿ?" ಅಂದರು. ಎರಡನೆಯದು ಅಂದೆ. ಹಾಗಾದರೆ ಮೊದಲು ಲದ್ದಿ ಬಳೀರಿ ಅಂತ ಸಲಿಕೆ ಕೈಗೆ ಕೊಟ್ಟರು. ಅದರ ಬೆಲೆ ನನಗೆ ಆಮೇಲೆ ತಿಳಿಯಿತು: ಗೊರಸು ಎತ್ತಿ ಕೆದಕುವುದು, ಮೈ ತಿಕ್ಕುವುದು, ಜೀನು ಬಿಗಿಯುವುದು ಇವನ್ನು ಮಾಡದವನಿಗೆ ದಾರಿಯಲ್ಲಿ ಕುದುರೆಗೆ ಏನಾಗಿದೆ ಅಂತ ತಿಳಿಯುವ ಸಂಭವವೇ ಇಲ್ಲ.

ಬೆಳಗಾಗುವ ಮುಂಚೆ ಅಷ್ಟೂರಿನ ಗುಮ್ಮಟಗಳ ಕಡೆ ಹೋಗುತ್ತಿದ್ದೆವು. ಬೀದರಿನ ಕುದುರೆಗೆ ತಲೆ ಮೇಲೆ ವಾಯುಪಡೆಯ ವಿಮಾನ ಹಾರಿದರೂ ಕಿವಿ ಅಲುಗುವುದಿಲ್ಲ, ಬ್ಯಾಂಡು-ಪಟಾಕಿ ಅಂತೂ ಅದರ ಅನ್ನ. ಗಾಳಿಗೆ ಹಾರಿಬಂದ ಒಂದು ಪ್ಲಾಸ್ಟಿಕ್ ಚೀಲ ಕಂಡರೆ ಮಾತ್ರ ನಾಲ್ಕು ಹೆಜ್ಜೆ ಪಕ್ಕಕ್ಕೆ ಜಿಗಿಯುತ್ತದೆ. ಅಲ್ಲಿ ಕಲಿತದ್ದರಲ್ಲಿ ಬಹಳ ಉಪಯೋಗಕ್ಕೆ ಬಂದದ್ದು ದುಲ್ಕಿ. ನಡಿಗೆಗಿಂತ ಜೋರು, ಓಟಕ್ಕಿಂತ ಕಡಿಮೆ. ಕುದುರೆ ಕಾಲು ಜೋಡಿಜೋಡಿಯಾಗಿ ಎತ್ತಿ ಹಾಕುವ ಈ ಚಾಲಿನಲ್ಲಿ ಸುಮ್ಮನೆ ಕೂತರೆ ನಿಮ್ಮ ಸೊಂಟವೂ ಹೋಯಿತು, ಅದರ ಬೆನ್ನೂ ಹೋಯಿತು. ಒಂದು ಕುಪ್ಪಳಕ್ಕೆ ರಿಕಾಪಿನ (ಜೀನಿಗೆ ತೂಗುವ, ಪಾದ ಇಡುವ ಬಳೆ) ಮೇಲೆ ಸ್ವಲ್ಪ ಎದ್ದು, ಮುಂದಿನದಕ್ಕೆ ಮೆತ್ತಗೆ ಕೂಡಬೇಕು. ಎರಡು ತಾಸು ನಡಿಗೆ-ದುಲ್ಕಿ ಬೆರೆಸಿ ಹೋಗಿ, ಮರುದಿನ ಅಂಗಡಿಯಲ್ಲಿ ಕಾಲು ಮಡಚಿ ಕೂಡಲಿಕ್ಕೆ ಬಂದರೆ ಪ್ರವಾಸಕ್ಕೆ ತಯಾರಾದಿರಿ ಅಂತ ಲೆಕ್ಕ.

ತೂಕದ ವಿಷಯ ಯಾರೂ ಎತ್ತುವುದಿಲ್ಲ, ನಾನು ಎತ್ತುತ್ತೇನೆ. ಜೀನು ಸೇರಿಸಿ ಕುದುರೆಯ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಹೊರಿಸಬಾರದು. ದಂಡೆ ಮೇಲೆ ಸುತ್ತು ಹೊಡೆಸುವ ಕುದುರೆಗಳು ಸಣ್ಣ ಕಟ್ಟಿನವು. 350 ಕಿಲೋ ಇದ್ದರೆ ಎಲ್ಲ ಸೇರಿ 70 ಕಿಲೋ, ಅಷ್ಟೇ. ನಾನು ರಾತ್ರಿಯ ಊಟ ಅರ್ಧ ಮಾಡಿದೆ. ಆಗದವರು ದೊಡ್ಡ ಕುದುರೆ ಹುಡುಕಬೇಕು, ಇಲ್ಲವೇ ದಂಡೆ ಮೇಲೆ ಕಾಲ್ನಡಿಗೆಯೂ ಚೆನ್ನಾಗಿರುತ್ತದೆ.

ಕುದುರೆ ಗೊತ್ತು ಮಾಡಲಿಕ್ಕೆಂದೇ ಮೊದಲು ಒಂದು ಸಲ ಅಲಿಬಾಗಕ್ಕೆ ಹೋಗಿಬಂದೆ. ಬೀದರಿನಿಂದ ರಾತ್ರಿ ಮುಂಬೈ ರೈಲು, ಗೇಟ್‌ವೇದಿಂದ ಮಾಂಡವಾಕ್ಕೆ ಒಂದು ತಾಸಿನ ದೋಣಿ, ಅಲ್ಲಿಂದ ಬಸ್ಸು. ಮಳೆಗಾಲದಲ್ಲಿ ಈ ದೋಣಿ ಬಂದ್ ಇರುತ್ತದೆ. ದಂಡೆಯಲ್ಲಿ ಕುದುರೆ ಬೇಕಾದಷ್ಟು. ನಾನು ನೋಡಿದ್ದು ಅಲಂಕಾರವನ್ನಲ್ಲ. ಜೀನು ಇಳಿಸಿರಿ ಅಂದೆ. ಬೆನ್ನಿನ ಮೇಲೆ, ಪಟ್ಟಿ ಬಿಗಿಯುವ ಜಾಗದಲ್ಲಿ ಕಂದು ಕೂದಲಿನ ನಡುವೆ ಬಿಳಿ ಮಚ್ಚೆ ಕಂಡರೆ ಅದು ಹಳೆ ಗಾಯ ಮಾಯ್ದದ್ದು. ಬೆನ್ನೆಲುಬಿನ ಎರಡೂ ಬದಿಗೆ ಬೆರಳೂರಿ ಎಳೆದರೆ ನೋವಿಗೆ ಬೆನ್ನು ಕೆಳಗೆ ಕುಸಿಯುತ್ತದೆಯೇ, ಕಿವಿ ಹಿಂದಕ್ಕೆ ಹೋಗುತ್ತದೆಯೇ ನೋಡಿದೆ. ಜೀನು ಇಳಿಸಲು ಒಪ್ಪದ ಮಾಲಕರನ್ನು ಅಲ್ಲಿಗೇ ಬಿಟ್ಟೆ. ಕೊನೆಗೆ ಸಿಕ್ಕದ್ದು ಒಂದು ಕಂದು ಹೆಣ್ಣುಕುದುರೆ, ವಯಸ್ಸಾದದ್ದು, ಬೆನ್ನು ಚೊಕ್ಕ.

ಮರಾಠಿ ಬರುವುದು ಬೀದರಿನವರಿಗೆ ಇಂಥ ಕಡೆ ದೊಡ್ಡ ಆಸ್ತಿ. ಮಾಲಕನ ಜೊತೆ ಚೌಕಾಸಿಯೆಲ್ಲ ಅದರಲ್ಲೇ ಆಯಿತು. ಶನಿವಾರ-ಭಾನುವಾರ ಅವರಿಗೆ ಗಳಿಕೆಯ ದಿನ, ಅಂದು ಕುದುರೆ ಬಿಡುವುದಿಲ್ಲ. ನನಗೂ ಆ ಎರಡು ದಿನದ ಜನಜಂಗುಳಿ, ಉಸುಕಿನ ಮೇಲೆ ಓಡಿಸುವ ನಾಲ್ಕು ಚಕ್ರದ ಬೈಕುಗಳ ಗದ್ದಲ ಬೇಡವಾಗಿತ್ತು. ಸೋಮವಾರ ಹೊರಡುವುದು ಅಂತಾಯಿತು. ಅವರ ಅಳಿಯ ಬೈಕಿನ ಮೇಲೆ ಮೇವು, ತೌಡು, ನೀರಿನ ಕ್ಯಾನು ಹೇರಿಕೊಂಡು ಮುಂದಿನ ಊರಲ್ಲಿ ಕಾಯುವುದು, ಮುರುಡದಿಂದ ಕುದುರೆಯನ್ನು ವಾಪಸ್ ತರುವುದು ಅವನ ಪಾಲು. ವಾಪಸಿನ ದಿನಗಳ ಬಾಡಿಗೆಯೂ ನನ್ನದೇ. ಇದನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳದಿದ್ದರೆ ಕೊನೆಗೆ ಮನಸ್ತಾಪ.

ಇನ್ನು ಭರತ-ಇಳಿತ. ಇಡೀ ಪ್ರವಾಸ ಇದರ ಕೈಯಲ್ಲಿದೆ. ದಂಡೆಯ ಮೇಲ್ಭಾಗದ ಒಣ ಉಸುಕಿನಲ್ಲಿ ಕುದುರೆಯ ಕಾಲು ಗೊರಸು ಮೀರಿ ಹೂಳುತ್ತದೆ. ಅಲ್ಲಿ ಓಡಿಸಿದರೆ ಮುಂಗಾಲಿನ ನರ ಬಾತು ಕುಂಟುತ್ತದೆ. ನೀರಿಗೆ ತೀರ ಹತ್ತಿರ ಹೋದರೂ ಮೆತ್ತಗೆ. ಇವೆರಡರ ನಡುವೆ, ನೀರು ಈಗಷ್ಟೇ ಬಿಟ್ಟುಹೋದ ಪಟ್ಟಿ ಬಿತ್ತನೆಗೆ ಹದ ಬಂದ ಹೊಲದ ಹಾಗೆ ಇರುತ್ತದೆ: ಹಿಮ್ಮಡಿ ಊರಿದರೆ ಗುರುತು ಬೀಳಬೇಕು, ಹೂಳಬಾರದು. ಆ ಪಟ್ಟಿ ಅಗಲವಾಗಿ ಸಿಗುವುದು ನೀರು ಪೂರಾ ಇಳಿಯುವ ಹೊತ್ತಿಗೆ ಮುಂಚೆ ಎರಡು ತಾಸು, ಆಮೇಲೆ ಎರಡು ತಾಸು.

ಮುಂಬೈ ಆಸುಪಾಸಿನ ಕೋಳಿ ಸಮುದಾಯದ ಮೀನುಗಾರರು ಇದಕ್ಕೆ ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿದರೆ ಭರತ ತುಂಬುವ ಗಂಟೆ, ಸ್ವಲ್ಪ ಹೆಚ್ಚುಕಡಿಮೆ. ಚೌತಿಗೆ ಮೂರು ಗಂಟೆ, ಅಷ್ಟಮಿಗೆ ಆರು. ಅದಕ್ಕೆ ಆರು ತಾಸು ಕೂಡಿಸಿದರೆ ಇಳಿತ. ದಿನ ಒಂದಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಅಷ್ಟಮಿಯ ಆಜುಬಾಜು ಇಳಿತ ಬರುವುದು ನಡುಮಧ್ಯಾಹ್ನದ ಬಿಸಿಲಿಗೆ, ಕುದುರೆಗೆ ಅದು ಬೇಡ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಇಳಿತ ಬೆಳಗಿನ ಆರು ಗಂಟೆಯ ಸುಮಾರಿಗೆ, ಮತ್ತೆ ಸಂಜೆಗೆ ಬರುತ್ತದೆ, ನೀರೂ ಬಹಳ ದೂರ ಸರಿಯುತ್ತದೆ. ನಾನು ಹಿಂಗಾರು ಬಿತ್ತನೆಯ ಗಡಿಬಿಡಿ ಮುಗಿದ ಮೇಲಿನ ಅಮಾವಾಸ್ಯೆ ಆರಿಸಿಕೊಂಡೆ. ಮನೆಯಲ್ಲಿ ಅವ್ವ, "ಅಮಾಸಿ ದಿವಸ ಯಾರರ ಪ್ರಯಾಣ ಹೊಂಡ್ತಾರೇನೋ?" ಅಂತ ಜಗಳ ತೆಗೆದಳು. ಸಮುದ್ರದ ಪಂಚಾಂಗ ಬ್ಯಾರೆ ಅದ ಅಂತ ಹೇಳಿ ಹೊರಟೆ. ಆದರೂ ತಿಥಿಯ ಲೆಕ್ಕ ಅಂದಾಜಿಗೆ ಮಾತ್ರ. ಹೊರಡುವ ಹಿಂದಿನ ರಾತ್ರಿ ಮುದ್ರಿತ ಭರತ-ಇಳಿತದ ಪಟ್ಟಿ ನೋಡಿಯೇ ಮಲಗಬೇಕು.

ಅಲಿಬಾಗದಲ್ಲಿ ಮೊದಲ ಬೆಳಗು ಕುಲಾಬಾ ಕೋಟೆಗೆ. ಇಳಿತದಲ್ಲಿ ಕೋಟೆಯ ಬಾಗಿಲ ತನಕ ಕುದುರೆಗಾಡಿಗಳೇ ಹೋಗುತ್ತವೆ. ಭರತದಲ್ಲಿ ಅದೇ ಜಾಗ ನೀರು. ಮರಾಠರ ನೌಕಾ ಸರದಾರ ಕಾನ್ಹೋಜಿ ಆಂಗ್ರೆಯ ಕೋಟೆ, ಸುತ್ತ ಉಪ್ಪುನೀರಿದ್ದರೂ ಒಳಗೆ ಸಿಹಿನೀರಿನ ಬಾವಿ. ಅಲ್ಲಿ ಹೊತ್ತು ಕಳೆಯಬೇಡಿ, ನೀರು ಯಾರಿಗೂ ಕಾಯುವುದಿಲ್ಲ. ಅಲ್ಲಿಂದ ದಕ್ಷಿಣಕ್ಕೆ ಅಕ್ಷಿ, ನಾಗಾವ್. ಉಸುಕು ಇರುವಲ್ಲಿ ಉಸುಕು, ಬಂಡೆ ಬಂದಲ್ಲಿ ತೆಂಗು-ಅಡಕೆ ತೋಟಗಳ ನಡುವಿನ ಸಣ್ಣ ರಸ್ತೆ.

ಹಳ್ಳ-ಹೊಳೆಗಳು ಸಮುದ್ರ ಸೇರುವ ಬಾಯಿಯಲ್ಲಿ ಒಂದು ಮಾತು ನೆನಪಿಡಬೇಕು. ಇಳಿತದಲ್ಲಿ ನೀರು ಮೊಣಕಾಲಷ್ಟೇ ಕಾಣುತ್ತದೆ, ಹಾಯ್ದುಬಿಡೋಣ ಅನ್ನಿಸುತ್ತದೆ. ಕೆಳಗಿರುವುದು ಕರಿ ರಾಡಿ. ಅದರಲ್ಲಿ ಕುದುರೆ ಹೊಟ್ಟೆಮಟ ಸಿಕ್ಕಿಕೊಂಡರೆ ಎಳೆದು ತೆಗೆಯುವ ಹೊತ್ತಿಗೆ ಭರತ ಬಂದಿರುತ್ತದೆ. ಎಷ್ಟೇ ಸುತ್ತಾದರೂ ಸೇತುವೆ. ರೇವದಂಡಾ ದಾಟಿದ ಮೇಲಿನ ಕುಂಡಲಿಕಾ ನದಿಯ ಉದ್ದನೆಯ ಸೇತುವೆಯಲ್ಲಿ ಲಾರಿಗಳ ಓಡಾಟ; ಅಲ್ಲಿ ಕೆಳಗಿಳಿದು ಲಗಾಮು ಹಿಡಿದು ನಡೆದೆ, ಹಿಂದೆ ಮಾಲಕನ ಅಳಿಯ ಹುಡುಗ ಬೈಕಿನ ದೀಪ ಮಿಟುಕಿಸುತ್ತ ಬಂದ.

ದಿನದ ದೊಡ್ಡ ಕೆಲಸ ಇರುವುದು ಇಳಿದ ಮೇಲೆ. ಬೀದರಿನ ಒಣ ಗಾಳಿಯಲ್ಲಿ ಕುದುರೆಯ ಬೆವರು ಕಣ್ಮುಂದೆ ಆರುತ್ತದೆ. ಕೊಂಕಣದಲ್ಲಿ ಬೆವರು ಹನಿ ಹನಿ ಕೆಳಗೆ ಬೀಳುತ್ತದೆಯೇ ಹೊರತು ಆರುವುದಿಲ್ಲ, ಆರದಿದ್ದರೆ ಮೈ ತಂಪಾಗುವುದಿಲ್ಲ. ದವಡೆಯ ಕೆಳಗಿನ ಅಂಚಿನಲ್ಲಿ ಒಂದು ನಾಡಿ ಕೈಗೆ ಸಿಗುತ್ತದೆ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44. ನಿಲ್ಲಿಸಿದ ಮೇಲೆ ಗಡಿಯಾರ ಹಿಡಿದು ಎಣಿಸುತ್ತಿದ್ದೆ. ಅದು 60ರ ಒಳಗೆ ಬರುವತನಕ ನೆರಳಲ್ಲಿ ನಿಲ್ಲಿಸಿ ಕತ್ತು, ಎದೆ, ತೊಡೆಗಳ ಮೇಲೆ ತಣ್ಣೀರು ಸುರಿಯುವುದು, ಅಂಗೈಯಿಂದ ಬಳಿದು ತೆಗೆಯುವುದು, ಮತ್ತೆ ಸುರಿಯುವುದು.

ಜೀನಿನ ಹೊಟ್ಟೆಪಟ್ಟಿ ಬಿಚ್ಚಿದ ಕೂಡಲೇ ಮುಂಗಾಲಿನ ಹಿಂದಿನ ಮಡಿಕೆಗೆ ಬೆರಳು ಹಾಕಿ ನೋಡುತ್ತಿದ್ದೆ. ಚರ್ಮ ಅಲ್ಲಿ ತೆಳು, ಕೂದಲು ಕಡಿಮೆ. ಬೆವರಿಗೆ ಅಂಟಿದ ಉಸುಕು ಅಲ್ಲೇ ಗೂಡು ಕಟ್ಟಿರುತ್ತದೆ. ಒರೆಸಿದರೆ ಗೀರು ಬೀಳುತ್ತದೆ. ಸಿಹಿನೀರು ಬಿಟ್ಟು ತೊಳೆಯಬೇಕು, ಪೂರಾ ಒಣಗಿದ ಮೇಲೇ ಮತ್ತೆ ಪಟ್ಟಿ. ಪಟ್ಟಿಯನ್ನೂ, ಜೀನಿನ ಕೆಳಗಿನ ಕಂಬಳಿಯನ್ನೂ ದಿನಾ ತೊಳೆದೆ. ಉಪ್ಪು ತೊಗಲನ್ನು ಒಡೆಸುತ್ತದೆ, ರಿಕಾಪಿನ ಕಬ್ಬಿಣಕ್ಕೆ ಒಂದೇ ರಾತ್ರಿಯಲ್ಲಿ ಜಂಗು ಹತ್ತುತ್ತದೆ. ಮೇವನ್ನು ಉಸುಕಿನ ಮೇಲೆ ಹಾಕಿದರೆ ಮೇವಿನ ಜೊತೆ ಉಸುಕೂ ಹೊಟ್ಟೆಗೆ ಹೋಗಿ ಶೂಲೆ ಬರುತ್ತದೆ, ಅದರಲ್ಲಿ ಕುದುರೆ ಸಾಯುವುದೂ ಉಂಟು. ತಾಡಪತ್ರೆ ಹಾಸಿ, ಅದರ ಮೇಲೆ ಬುಟ್ಟಿ. ನೀರು ದಿನಕ್ಕೆ 30-40 ಲೀಟರ್ ಬೇಕು. ದಂಡೆಗೆ ಹತ್ತಿದ ಒಂದು ಬಾವಿಯ ನೀರು ನನ್ನ ಬಾಯಿಗೆ ಸರಿಯೇ ಅನ್ನಿಸಿತ್ತು, ಅವಳು ಮೂತಿ ಎತ್ತಿಬಿಟ್ಟಳು. ಕ್ಯಾನಿನ ನೀರು ಕೆಲಸಕ್ಕೆ ಬಂತು.

ಚೌಲ್ ಈಗ ತೋಟಗಳ ಊರು. ಬಂದರು ಹೂಳು ತುಂಬಿ ಹೋಗಿದೆ. ಪಕ್ಕದ ರೇವದಂಡಾದಲ್ಲಿ ಪೋರ್ಚುಗೀಸರ ಕೋಟೆಗೋಡೆ, ಮುರಿದ ಗೋಪುರ, ನಿಕಿತಿನ್ ನೆನಪಿಗೊಂದು ಕಲ್ಲಿನ ಸ್ತಂಭ. ಕುದುರೆಯನ್ನು ನೆರಳಿಗೆ ಕಟ್ಟಿ ಹುಡುಗನಿಗೆ ನಿಕಿತಿನ್‌ನ ಕಥೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ದಾದಾ, ಬೀದರಿನಲ್ಲಿ ಎಷ್ಟಕ್ಕೆ ಮಾರಿದ?" ಕುದುರೆ ಸಾಕುವವನ ಪ್ರಶ್ನೆ. ಅಲ್ಲಿಂದ ಬೀದರಿಗೆ ಘಟ್ಟ ಹತ್ತಿಸಿ ಕುದುರೆ ತಂದವರ ಬಗ್ಗೆ ನನಗೆ ಗೌರವ ಬಂದದ್ದು ಸ್ತಂಭ ನೋಡಿ ಅಲ್ಲ, ಹಿಂದಿನ ಸಂಜೆ ಬಕೆಟ್ಟು ಎತ್ತಿ ಎತ್ತಿ ಭುಜ ಹಿಡಿದಾಗ.

ಸೇತುವೆಯಾಚೆ ಕೊರ್ಲಾಯಿ. ಕೋಟೆಯ ಬುಡದ ಊರಿನಲ್ಲಿ ಪೋರ್ಚುಗೀಸ್ ಬೆರೆತ ಮಾತು ಇನ್ನೂ ಉಳಿದಿದೆ. ಕನ್ನಡ, ಮರಾಠಿ, ದಖ್ಖನಿ, ತೆಲುಗು ಒಂದೇ ಚಹಾದಂಗಡಿಯಲ್ಲಿ ಕೇಳಿ ಬೆಳೆದ ನನಗೆ ಅದು ವಿಚಿತ್ರ ಅನ್ನಿಸಲಿಲ್ಲ.

ಓಡಿಸಲಿಕ್ಕೆ ಯೋಗ್ಯವಾದ ದಂಡೆ ಅಂದರೆ ಕಾಶೀದ್. ಬಿಳಿಚು ಉಸುಕು, ಉದ್ದಕ್ಕೆ ಸಪಾಟು. ಮೊದಲು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಸಿಕೊಂಡೇ ಹೋದೆ. ಗುಂಡಿ, ಹಗ್ಗ, ಬಾಟಲಿ ಚೂರು ಎಲ್ಲಿವೆ ಅಂತ ನೋಡಿಕೊಳ್ಳಲಿಕ್ಕೆ. ವಾಪಸ್ ಬರುವಾಗ ದುಲ್ಕಿ, ಆಮೇಲೆ ಓಟ. ನೀರಿನ ಕಡೆ ಕಣ್ಣು ಹಾಯಿಸಬೇಡಿ. ಹಿಂದಕ್ಕೆ ಸರಿಯುವ ಅಲೆಯನ್ನು ನೋಡಿದರೆ ನೀರು ನಿಂತು ನೀವೇ ಪಕ್ಕಕ್ಕೆ ಜಾರುತ್ತಿದ್ದೀರಿ ಅನ್ನಿಸಿ ತಲೆ ಗಿರ್ ಅನ್ನುತ್ತದೆ, ಮೈ ಒಂದು ಕಡೆ ವಾಲುತ್ತದೆ. ಕುದುರೆಗೂ ನೊರೆಯ ಬಿಳಿ ಗೆರೆ ಹತ್ತಿರ ಬಂದರೆ ದಾಟಬೇಕೋ ಜಿಗಿಯಬೇಕೋ ತಿಳಿಯುವುದಿಲ್ಲ. ಅದರ ಎರಡು ಕಿವಿಗಳ ನಡುವಿನಿಂದ ದೂರದ ಒಂದು ಗಿಡ ಹಿಡಿದು ನೋಡುತ್ತ ಹೋಗಬೇಕು. ಪೂರಾ ನಾಗಾಲೋಟಕ್ಕೆ ಬಿಡಲಿಲ್ಲ. ಅವಳ ವಯಸ್ಸಿಗೆ, ನನ್ನ ವಿದ್ಯೆಗೆ ಅಷ್ಟೇ ಸಾಕಿತ್ತು. ಅಷ್ಟರಲ್ಲೇ ಗಂಟಲಿನಿಂದ ಏನೋ ಕೂಗು ಹೊರಟಿತು, ಹುಡುಗ ನಕ್ಕ.

ಕಾಶೀದ್‌ನಿಂದ ಮುರುಡದ ತನಕ ಬಹುಪಾಲು ಡಾಂಬರು ರಸ್ತೆಯೇ, ಒಂದು ಕಡೆ ಫಣಸಾಡದ ಕಾಡು, ಇನ್ನೊಂದು ಕಡೆ ಸಮುದ್ರ. ಡಾಂಬರಿನ ಮೇಲೆ ಲಾಳ ಜಾರುತ್ತದೆ, ಇಳಿಜಾರಿನಲ್ಲಿ ಇಳಿದು ನಡೆಯುವುದೇ ಲೇಸು. ಮುರುಡದ ದಂಡೆಯಿಂದ ಸಮುದ್ರದೊಳಗಿನ ಪದ್ಮದುರ್ಗ ಕೋಟೆ ಕಾಣುತ್ತದೆ. ಸಿದ್ದಿಗಳ ಜಂಜಿರಾ ಕೋಟೆಗೆ ರಾಜಪುರಿಯಿಂದ ದೋಣಿ. ಕುದುರೆ ಬಿಟ್ಟುಕೊಟ್ಟ ಮೇಲೆ ನೋಡಿದೆ.

ಸಾಮಾನಿನ ಬಗ್ಗೆ ಕೇಳುವವರಿಗೆ: ಸವಾರಿಯದೇ ಹೆಲ್ಮೆಟ್, ಬೈಕಿನದು ಭಾರ. ಸಣ್ಣ ಹಿಮ್ಮಡಿ ಇರುವ ಬೂಟು, ಇಲ್ಲದಿದ್ದರೆ ಪಾದ ರಿಕಾಪಿನೊಳಗೆ ತೂರಿ ಸಿಕ್ಕಿಕೊಳ್ಳುತ್ತದೆ. ಒಳತೊಡೆಗೆ ಹೊಲಿಗೆ ತಾಗದ ದಪ್ಪ ಹತ್ತಿಯ ಪ್ಯಾಂಟು, ಕೊಬ್ಬರಿ ಎಣ್ಣೆ. ಇನ್ನೊಂದು, ಬೀದರಿಗೆ ವಾಪಸ್ ಟಿಕೆಟ್ ಮಾಡಿಸುವಾಗ ಕೆಳಗಿನ ಬರ್ತ್ ಹಿಡಿಯಿರಿ. ನನಗೆ ಸಿಕ್ಕದ್ದು ಮೇಲಿನದು. ಎದುರಿನ ಬರ್ತಿನ ಬಸವಕಲ್ಯಾಣದ ಅಜ್ಜ ನಾನು ಏಣಿ ಹತ್ತುವ ಪಾಡು ನೋಡಿ, "ತಮ್ಮಾ, ಸೊಂಟಕ್ಕ ಏನಾಗ್ಯಾದ?" ಅಂತ ಕೇಳಿ, ತನ್ನ ಜಾಗ ಬಿಟ್ಟುಕೊಟ್ಟು ತಾನೇ ಸರಸರ ಮೇಲೆ ಹತ್ತಿ ಮಲಗಿಬಿಟ್ಟ.