ಫ್ಲೈಟ್ ಹತ್ತೋಕ್ ಮುಂಚೆ ಒಂದ್ಸಲ ಬೇಕ್ಡ್ ಓಟ್ಸ್ ಮಾಡಿ ಕಲ್ತ್ಕೊಳ್ಳಿ

ರಜಕ್ಕೆ ಬಂದು ಬಸವನಗುಡಿ ಮನೇಲಿ ಕೂತಿದೀನಿ. ನೆಂಟರ ಮಕ್ಕಳು, ಅವರ ಫ್ರೆಂಡ್ಸು ಅಂತ ದಿನಾ ಯಾರಾದ್ರೂ ಬರ್ತಾರೆ, ಅಮೆರಿಕಾಗೆ ಹೋಗ್ತಿದೀವಿ ಏನೇನ್ ಪ್ಯಾಕ್ ಮಾಡ್ಬೇಕು ಹೇಳಿ ಅಂತ. ಎಲ್ಲಾರ ಲಿಸ್ಟಲ್ಲೂ ಕುಕ್ಕರ್ ಇದೆ, ಚಟ್ನಿಪುಡಿ ಇದೆ, ಸಾರಿನ ಪುಡಿ ಅಂತೂ ಎರಡು ಕೆಜಿ ಇದೆ. ಬೆಳಗ್ಗೆ ತಿಂಡಿಗೆ ಏನ್ ಮಾಡ್ಕೋತೀರಾ ಅಂದ್ರೆ ಮಾತ್ರ ಸುಮ್ನೆ ನಗ್ತಾರೆ. ಇಲ್ಲಿ ಮನೆಯಿಂದ ಕೆಳಗಿಳಿದ್ರೆ ದರ್ಶಿನಿ ಇದೆ, ನಾನಿರೋ ಮಿಶಿಗನ್‌ನಲ್ಲಿ ಡಿಸೆಂಬರಲ್ಲಿ ಎಂಟು ಗಂಟೆವರ್ಗೂ ಸೂರ್ಯಾನೇ ಕಾಣಲ್ಲ, ಆ ಕತ್ಲಲ್ಲಿ ಎದ್ದು ಈರುಳ್ಳಿ ಹೆಚ್ಚಿ ಉಪ್ಪಿಟ್ಟು ಮಾಡೋ ಉತ್ಸಾಹ ಮೊದಲನೇ ವಾರದಲ್ಲೇ ಇಳಿದೋಗತ್ತೆ, ಮೇಲಿಂದ ಒಗ್ಗರಣೆ ಹೊಗೆಗೆ ಸ್ಮೋಕ್ ಅಲಾರಂ ಬೇರೆ ಬಡ್ಕೊಳ್ಳತ್ತೆ.

ನನ್ನನ್ನ ಕಾಪಾಡಿದ್ದು ಬೇಕ್ಡ್ ಓಟ್ಸು, ಅಂದ್ರೆ ಓಟ್ಸ್‌ಗೆ ಹಾಲು, ಬೆಲ್ಲ, ಹಣ್ಣು ಕಲಸಿ ಓವನಲ್ಲಿ ಬೇಯಿಸೋ ತಿಂಡಿ. ಭಾನುವಾರ ಒಂದು ಟ್ರೇ ಮಾಡಿದ್ರೆ ಗುರುವಾರದವರೆಗೂ ಚಿಂತೆ ಇಲ್ಲ.

ಮೊದಲು ಓಟ್ಸ್ ವಿಷಯ, ಎಲ್ಲರೂ ಎಡವೋದು ಇಲ್ಲೇ. ಅಂಗಡೀಲಿ ಮೂರು ಥರ ಇರತ್ತೆ, ಅವಲಕ್ಕಿ ಲೆಕ್ಕದಲ್ಲಿ ನೆನಪಿಟ್ಕೊಳ್ಳಿ. ಕ್ವಿಕ್ ಓಟ್ಸ್ ಅಂದ್ರೆ ಪೇಪರ್ ಅವಲಕ್ಕಿ ಇದ್ದಂಗೆ, ಹಾಲು ಬಿದ್ದ ತಕ್ಷಣ ಮುದ್ದೆ. ರೋಲ್ಡ್ ಓಟ್ಸ್ ಗಟ್ಟಿ ಅವಲಕ್ಕಿ, ನಮಗೆ ಬೇಕಾಗಿರೋದು ಇದು. ಸ್ಟೀಲ್ ಕಟ್ ಅನ್ನೋದು ನುಚ್ಚು, ಬೇಯೋಕೆ ತುಂಬಾ ಹೊತ್ತು ಬೇಕು, ಇದಕ್ಕೆ ಬೇಡ. ಮಸಾಲೆ ಹಾಕಿರೋ ಸ್ಯಾಶೆ ಓಟ್ಸ್ ಅಂತೂ ಮುಟ್ಲೇಬೇಡಿ.

ಇನ್ನು ಓವನ್. ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಒಲೆ ಕೆಳಗೇ ದೊಡ್ಡ ಓವನ್ ಇರತ್ತೆ, ನಮ್ಮವರು ಅದನ್ನ ಪಾತ್ರೆ ಇಡೋ ಕಪಾಟು ಮಾಡ್ಕೊಂಡ್ಬಿಡ್ತಾರೆ, ನಾನೂ ಒಂದು ವರ್ಷ ಹಾಗೇ ಮಾಡಿದ್ದೆ. ಮೊದಲ ಸಲ ಪ್ರೀಹೀಟ್‌ಗೆ ಅಂತ ಆನ್ ಮಾಡ್ದಾಗ ಒಳಗೆ ಊರಿಂದ ಹೊತ್ಕೊಂಡ್ ಹೋಗಿದ್ದ ಬಾಣಲೆ ಇದೆ ಅನ್ನೋದೇ ಮರ್ತೋಗಿತ್ತು, ಅದರ ಪ್ಲಾಸ್ಟಿಕ್ ಹಿಡಿ ಕರಗಿ ಜಾಲರಿಗೆ ಅಂಟ್ಕೊಂಡು, ಚಳೀಲಿ ಕಿಟಕಿ ಎಲ್ಲಾ ತೆಗೆದು ಕೂತಿದ್ವಿ. ಆನ್ ಮಾಡೋಕ್ ಮುಂಚೆ ಬಾಗಿಲು ತೆಗೆದು ನೋಡಿ. ಆಮೇಲೆ ಅಲ್ಲಿ ಗುಂಡಿ ಮೇಲೆ ಇರೋದು ಫ್ಯಾರನ್‌ಹೀಟು, ನಮ್ಮ 190 ಡಿಗ್ರಿ ಅಂದ್ರೆ ಅಲ್ಲಿ 375. ಬ್ರಾಯ್ಲ್ ಅಂತ ಇರೋದು ಮೇಲಿಂದ ಸುಡೋಕೆ, ನಿಮಗೆ ಬೇಕಾಗಿರೋದು ಬೇಕ್.

ಅಳತೆ ಹೇಳ್ಬಿಡ್ತೀನಿ. ಎರಡು ಕಪ್ ಓಟ್ಸ್, ಒಂದು ಟೀ ಸ್ಪೂನ್ ಬೇಕಿಂಗ್ ಪೌಡರ್ (ಅಡುಗೆ ಸೋಡಾ ಅಲ್ಲ, ಅದು ಇಷ್ಟು ಹಾಕಿದ್ರೆ ಸೋಪಿನ ರುಚಿ ಬರತ್ತೆ), ಅರ್ಧ ಸ್ಪೂನ್ ಉಪ್ಪು, ಪುಡಿ ಬೆಲ್ಲ ಅರ್ಧ ಕಪ್ಪಿಗಿಂತ ಸ್ವಲ್ಪ ಕಮ್ಮಿ, ಹಾಲು ಒಂದೂಮುಕ್ಕಾಲು ಕಪ್, ಕರಗಿಸಿದ ತುಪ್ಪ ಎರಡು ದೊಡ್ಡ ಚಮಚ, ಒಂದು ಮೊಟ್ಟೆ. ಮೊಟ್ಟೆ ತಿನ್ನಲ್ವಾ, ಒಂದು ದೊಡ್ಡ ಚಮಚ ಅಗಸೆಬೀಜದ ಪುಡೀನ ಮೂರು ಚಮಚ ನೀರಲ್ಲಿ ಹತ್ತು ನಿಮಿಷ ನೆನೆಸಿ, ಲೋಳೆಲೋಳೆ ಆಗತ್ತೆ, ಸಾಕು. ಹಾಲು ಬಿಸಿ ಇರೋವಾಗ ಬೆಲ್ಲ ಹಾಕ್ಬೇಡಿ, ಒಡೆದೋಗೋ ಚಾನ್ಸ್ ಇದೆ, ಪಾಯಸ ಮಾಡೋರಿಗೆ ಇದು ಹೊಸದೇನಲ್ಲ.

ಮಸಾಲೆಗೆ ಅಲ್ಲಿ ಪಂಪ್ಕಿನ್ ಪೈ ಸ್ಪೈಸ್ ಅಂತ ಪುಟ್ಟ ಬಾಟಲಿ ಮಾರ್ತಾರೆ. ಒಳಗಿರೋದು ಏನಪ್ಪಾ ಅಂದ್ರೆ ಚಕ್ಕೆ, ಒಣಶುಂಠಿ, ಜಾಯಿಕಾಯಿ, ಲವಂಗ, ಹೆಚ್ಚೂಕಮ್ಮಿ ನಿಮ್ಮಮ್ಮನ ಮಸಾಲೆ ಡಬ್ಬಾನೇ, ಅದಕ್ಕೆ ದುಡ್ಡು ಕೊಡೋದಾ? ಗಾಂಧಿಬಜಾರಲ್ಲಿ ಚಕ್ಕೆ, ಜಾಯಿಕಾಯಿ, ಒಳ್ಳೆ ಹಸಿರು ಏಲಕ್ಕಿ ತಗೊಂಡು ಸೀಲ್ ಮಾಡಿಸ್ಕೊಳ್ಳಿ. ಒಂದು ಟ್ರೇಗೆ ಚಕ್ಕೆ ಪುಡಿ ಒಂದೂವರೆ ಟೀ ಸ್ಪೂನ್, ಶುಂಠಿ ಪುಡಿ ಅರ್ಧ, ನಾಲ್ಕು ಏಲಕ್ಕಿ, ಜಾಯಿಕಾಯಿ ತುರಿದು ಒಂದು ಚಿಟಿಕೆ. ಲವಂಗ ಒಂದೇ ಸಾಕು, ಜಾಸ್ತಿ ಆದ್ರೆ ಹಲ್ಲುನೋವಿನ ಔಷಧಿ ತಿಂದಂಗಿರತ್ತೆ. ಕಸ್ಟಮ್ಸ್ ಫಾರಂ ಕೇಳಿದ್ರೆ ತಿನ್ನೋ ಸಾಮಾನಿದೆ ಅಂತಾನೇ ಹೇಳಿ. ಕರಿಬೇವು, ಹಣ್ಣು ಮಾತ್ರ ಇಟ್ಕೋಬೇಡಿ, ಕಿತ್ತು ಕಸಕ್ಕೆ ಹಾಕ್ತಾರೆ.

ಹಣ್ಣಿಗೆ ಇಲ್ಲಿ ಏಲಕ್ಕಿ ಬಾಳೆ ಮೂರ್ನಾಲ್ಕು ಕಿವುಚಿ ಹಾಕಿ, ಘಮ ಅಂದ್ರೆ ಘಮ. ಅಲ್ಲಿ ಸಿಗೋದು ಉದ್ದ ಬಾಳೆಹಣ್ಣು, ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬರೋವರೆಗೂ ಕಾಯ್ಬೇಕು. ಮಿಶಿಗನ್ ಸೇಬಿನ ಸೀಮೆ, ಸೆಪ್ಟೆಂಬರ್ ಅಕ್ಟೋಬರಲ್ಲಿ ತೋಟಕ್ಕೆ ಹೋಗಿ ನಾವೇ ಕಿತ್ಕೊಂಡ್ ಬರ್ತೀವಿ, ಆಸೆಗೆ ಚೀಲ ತುಂಬಿಸ್ಕೊಂಡ್ ಬಂದು ಆಮೇಲೆ ಏನ್ಮಾಡೋದು ಅಂತ ಗೊತ್ತಾಗ್ದೆ ಕೂತಾಗ ಈ ಟ್ರೇನೇ ಗತಿ. ಹುಳಿ ಇರೋ ಸೇಬೇ ಒಳ್ಳೇದು, ಕಡಲೆಬೇಳೆಗಿಂತ ಸ್ವಲ್ಪ ದಪ್ಪ ಹೆಚ್ಚಿ, ದೊಡ್ಡದಾದ್ರೆ ಒಳಗೆ ಬೇಯಲ್ಲ. ಫ್ರೋಜನ್ ಬ್ಲೂಬೆರಿ ಕರಗಿಸ್ದೆ ಹಾಗೇ ಹಾಕಿ. ಹಸಿ ಅನಾನಸ್ ಬೇಡ, ಹಾಲಿನ ಜೊತೆ ಕಹಿ ಆಗತ್ತೆ.

ಎಲ್ಲಾ ಕಲಸಿ 20 ಸೆಂಟಿಮೀಟರ್ ಚೌಕ ಟ್ರೇಗೆ ತುಪ್ಪ ಸವರಿ ಸುರೀರಿ. ನೀರುನೀರಾಗಿದೆ ಅಂತ ಗಾಬರಿಯಾಗಿ ಇನ್ನೊಂದು ಕಪ್ ಓಟ್ಸ್ ಸುರೀಬೇಡಿ, ಅದೇ ಹೀರ್ಕೊಳ್ಳತ್ತೆ. ಮೊದಲೇ 190 ಡಿಗ್ರಿಗೆ (ಅಲ್ಲಿ 375) ಬಿಸಿ ಮಾಡಿಟ್ಟ ಓವನಲ್ಲಿ 35ರಿಂದ 40 ನಿಮಿಷ, ಮೇಲೆ ಕೆಂಪಗಾಗಿ ಟ್ರೇ ಅಲ್ಲಾಡಿಸಿದ್ರೆ ನಡುವೆ ಅಲುಗಬಾರ್ದು. ಹತ್ತು ನಿಮಿಷ ಬಿಟ್ಟು ಕುಯ್ರಿ. ಆರಿದ್ಮೇಲೆ ಫ್ರಿಜ್ಜಲ್ಲಿ ನಾಲ್ಕು ದಿನ ಇರತ್ತೆ, ಬೆಳಗ್ಗೆ ಮೈಕ್ರೋವೇವಲ್ಲಿ ಒಂದು ನಿಮಿಷ ಇಟ್ರೆ ಆಯ್ತು.

ಇಲ್ಲಿ ಓಟಿಜಿ (ಟೇಬಲ್ ಮೇಲಿಡೋ ಸಣ್ಣ ಕರೆಂಟ್ ಓವನ್) ಇದ್ರೆ ಹೋಗೋಕ್ ಮುಂಚೆ ಒಂದ್ಸಲ ಪ್ರಾಕ್ಟೀಸ್ ಮಾಡಿ, ಮೇಲಿನ ಕೆಳಗಿನ ರಾಡ್ ಎರಡೂ ಆನ್ ಇರ್ಲಿ, ನಡುಮಧ್ಯೆ ಕರೆಂಟ್ ಹೋದ್ರೆ ಬಾಗಿಲು ಮಾತ್ರ ತೆಗೀಬೇಡಿ. ನಿನ್ನೆ ನಾನೇ ಮಾಡಿದ್ದೆ. ಅಮ್ಮ ಎರಡು ಪೀಸ್ ತಿಂದು, ತುಂಬಾ ಚೆನ್ನಾಗಿದೆ ಕಣೋ ಅಂದು, ಕೈ ತೊಳ್ಕೊಂಡು ಬಂದು ಕೇಳಿದ್ರು, ಸರಿ ಈಗ ತಿಂಡಿಗೆ ಏನ್ ಮಾಡ್ಲಿ?