ಫೋಮ್ ಕವಚಕ್ಕೆ ಬಣ್ಣ ಹಚ್ಚುವ ಮುನ್ನ

ಕಾಸ್‌ಪ್ಲೇಗಾಗಿ, ಅಂದರೆ ಸಿನಿಮಾ, ಕಾಮಿಕ್ಸ್ ಪಾತ್ರಗಳಂತೆ ವೇಷ ತೊಡಲು, ಮೊದಲ ಬಾರಿ ಎದೆಕವಚ ಮಾಡುತ್ತಿರುವವರಿಗೆ ಒಂದು ಮಾತು. ಮಕ್ಕಳ ಕೋಣೆಗೆ ಹಾಸುವ, ಒಂದಕ್ಕೊಂದು ಸಿಕ್ಕಿಸುವ ಇವಿಎ ಫೋಮ್ ಚಾಪೆಯೇ ಇದಕ್ಕೆ ಸಾಕು. ದೊಡ್ಡ ಭಾಗಗಳಿಗೆ 10 ಮಿ.ಮೀ. ದಪ್ಪದ್ದು, ಅಲಂಕಾರದ ಪಟ್ಟಿಗಳಿಗೆ 2 ಮಿ.ಮೀ. ಹಾಳೆ.

ಹೊಸಬರು ಎಡವುವುದು ಬಣ್ಣದಲ್ಲಿ. ಫೋಮ್ ಮೈತುಂಬ ಸಣ್ಣ ರಂಧ್ರಗಳು. ಕತ್ತರಿಸಿದ ಅಂಚಂತೂ ಬಣ್ಣವನ್ನು ಕುಡಿದುಬಿಡುತ್ತದೆ. ನನ್ನ ಮೊದಲ ಕವಚಕ್ಕೆ ಮೂರು ಸಲ ಬೆಳ್ಳಿಬಣ್ಣ ಬಳಿದರೂ ಅದು ಒದ್ದೆ ರಟ್ಟಿನಂತೆಯೇ ಕಾಣುತ್ತಿತ್ತು, ಅಳುವೇ ಬಂದಿತ್ತು. ಆ ರಂಧ್ರಗಳನ್ನು ಮುಚ್ಚಲು ಮೊದಲು ಹೀಟ್ ಗನ್ನಿನ ಬಿಸಿಗಾಳಿಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸಿ. ಮಂಕಾಗಿದ್ದ ಮೈ ಒಮ್ಮೆಲೇ ತುಸು ಮಿನುಗುತ್ತದೆ; ಆ ಕ್ಷಣವೇ ಮುಂದೆ ಸರಿಯಿರಿ. ಕೈಗವಸು ತೊಟ್ಟು, ಬಿಸಿ ಆರುವ ಮೊದಲೇ ಬಾಗಿಸಿ ಹಿಡಿದರೆ ತಣಿದ ಮೇಲೂ ಆ ಬಾಗು ಉಳಿಯುತ್ತದೆ.

ಅಂಟಿಸಲು ಚಪ್ಪಲಿ ರಿಪೇರಿಯವರು ಬಳಸುವ ಹಳದಿ ಅಂಟೇ ಒಳ್ಳೆಯದು. ಎರಡೂ ಬದಿಗೆ ತೆಳುವಾಗಿ ಸವರಿ, ಬೆರಳಿಗೆ ಮೆತ್ತಿಕೊಳ್ಳದಷ್ಟು ಆರಿದ ಮೇಲೆ ಜೋಡಿಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡವೇ ಬೇಡ. ಕೊನೆಗೆ, ಫೋಮ್ ಬಣ್ಣ ಕುಡಿಯದಂತೆ, ನೀರು ಬೆರೆಸಿದ ಫೆವಿಕಾಲ್ ಮೂರು ನಾಲ್ಕು ಪದರ ಹಚ್ಚಿ, ಪ್ರತಿ ಪದರವನ್ನೂ ಪೂರ್ತಿ ಒಣಗಿಸಿ. ಆಮೇಲೆ ಅಕ್ರಿಲಿಕ್ ಬಣ್ಣ ಬಳಿಯಿರಿ.